ಆರು ಕ್ಲಿಪ್ಪಿನ ಓದಮ್ಮ

ಬೀದಿದೀಪಗಳು ಇನ್ನೂ ಆರಿಲ್ಲ. ಗ್ರಂಥಾಲಯದ ಹಿಂಬಾಗಿಲ ಬೀಗ ತೆಗೆದು ಒಳಗೆ ಬರುವ ಹೆಂಗಸು ಮೊದಲು ಗೋಡೆಯ ಗಡಿಯಾರವನ್ನು ಮೊಳೆಯಿಂದ ಇಳಿಸುತ್ತಾರೆ. ಅದನ್ನು ಟವೆಲಿನಲ್ಲಿ ಸುತ್ತಿ, ಮಲಗಿದ ಕೂಸನ್ನು ಎತ್ತಿಕೊಂಡು ಹೋಗುವ ಹಾಗೆ ಪಕ್ಕದ ಕೋಣೆಗೆ ಒಯ್ದು ಇಡುತ್ತಾರೆ. ಅದರ ಟಿಕ್ ಟಿಕ್ ಮೈಕಿಗೆ ಕೇಳಿಸುತ್ತದೆ. ಆಮೇಲೆ ಉಂಗುರ ಬಿಚ್ಚುತ್ತಾರೆ, ಚಪ್ಪಲಿ ಬಿಡುತ್ತಾರೆ. ಗಂಜಿ ಹಾಕಿದ ಬಟ್ಟೆ ತೊಟ್ಟು ಅವರು ಇಲ್ಲಿಗೆ ಬಂದದ್ದೇ ಇಲ್ಲ, ಸರಪರ ಎನ್ನುತ್ತದೆ. ಬಾಯಿಯ ಅಂಟು ಹೋಗಲೆಂದು ಒಂದು ಹೋಳು ಸೇಬನ್ನು ದವಡೆಯ ಹಲ್ಲಿನಲ್ಲಿ ಮೆಲ್ಲಗೆ ಅಗಿಯುತ್ತಾರೆ. ಮುಂದಿನ ಹಲ್ಲಿಗೆ ತಾಗಿಸುವುದಿಲ್ಲ. ಅದಕ್ಕೊಂದು ಕಾರಣವಿದೆ, ಮುಂದೆ ಬರುತ್ತದೆ.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ದನಿಮುದ್ರಿಸುವ ಕೋಣೆ ಇದು. ಗೋಡೆಗಳಿಗೆಲ್ಲ ಹಳೆಯ ರಜಾಯಿಗಳನ್ನು ಹೊದಿಸಿದ್ದಾರೆ. ಬೀದಿ ಏಳುವುದರೊಳಗೆ ಓದು ಮುಗಿಯಬೇಕು. ಪಕ್ಕದ ಕಟ್ಟಡದ ನೀರಿನ ಪಂಪು ಶುರುವಾಯಿತೆಂದರೆ ಆ ದಿನದ ಕೆಲಸಕ್ಕೆ ಮಂಗಳ ಹಾಡಿದಂತೆಯೇ. ದಿನಕ್ಕೆ ಹತ್ತು ಪುಟ, ದನಿ ಹದವಾಗಿದ್ದರೆ ಹದಿನೈದು.

ಓದುವವರ ಹೆಸರು ಕೇಳುಗರಿಗೆ ಗೊತ್ತಿಲ್ಲ. ‘ಓದಮ್ಮ’ ಎಂದರೆ ಎಲ್ಲರಿಗೂ ಗೊತ್ತು. ಒಂದು ಕಾಲಕ್ಕೆ ಫ್ರೆಂಚರು ಆಳಿದ ಈ ಊರಿನಲ್ಲಿ ಆ ಭಾಷೆ ಬಲ್ಲ ಕೇಳುಗರು ಇನ್ನೂ ಇದ್ದಾರೆ. ಇಲ್ಲಿ ಫ್ರೆಂಚ್ ಕಾದಂಬರಿಗಳನ್ನು ಓದುವವರು ಅವರೊಬ್ಬರೇ. ಗಾಜಿನ ಆಚೆ ಕುಳಿತು, ಎರಡೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಪ್ಪು ಹಿಡಿಯುವ ಹಿರಿಯರಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಅವರನ್ನು ಎಲ್ಲರೂ ಕಿವಿಮಾಮ ಎನ್ನುತ್ತಾರೆ.

ಫ್ರೆಂಚಿನಲ್ಲಿ ಪುಸ್ತಕದಲ್ಲಿ ಮಾತ್ರ ಉಸಿರಾಡುವ ಒಂದು ಭೂತಕಾಲವಿದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಅದನ್ನು ಯಾರೂ ಆಡುವುದಿಲ್ಲ. ನಾವು ‘ಬಂದ, ಹೋದ’ ಎನ್ನುವಾಗ ಪುಸ್ತಕ ‘ಬಂದನು, ಹೋದನು’ ಎನ್ನುತ್ತದಲ್ಲ, ಅಂಥದ್ದೇ. ಆದರೆ ಅಲ್ಲಿ ಅಂತರ ಇನ್ನೂ ದೊಡ್ಡದು. ‘ಅವನು ಬಂದ’ ಎನ್ನಲು ಬಾಯಿ ‘ಇಲೆ ವೆನ್ಯು’ ಎನ್ನುತ್ತದೆ, ಪುಸ್ತಕ ‘ಇಲ್ ವ್ಯಾಂ’ ಎನ್ನುತ್ತದೆ. ‘ಇದ್ದನು’ ಎನ್ನಲು ‘ಫ್ಯು’, ‘ಮಾಡಿದನು’ ಎನ್ನಲು ‘ಫಿ’, ‘ಸತ್ತನು’ ಎನ್ನಲು ‘ಮೂರ್ಯು’. ಆ ಕಾಲವನ್ನು ದಿನವೂ ಬಾಯಿತುಂಬ ಆಡುವುದು ಓದಮ್ಮನ ಕೆಲಸ.

“ಮಳೆ ಸುರೀತಾ ಇತ್ತು, ದೀಪ ಉರೀತಾ ಇತ್ತು. ಅದಕ್ಕೆ ಬೇರೆ ಕಾಲ ಇದೆ, ಅದು ಚಾಪೆ ಹಾಸಿದ ಹಾಗೆ” ಎನ್ನುತ್ತಾರೆ ಅವರು. “ಬಾಗಿಲು ಬಡಿಯಿತು, ಅವನು ಎದ್ದನು, ಹೊರಟನು. ಇದು ಆ ಚಾಪೆ ಮೇಲೆ ಹೆಜ್ಜೆ ಇಟ್ಟ ಹಾಗೆ. ಇಟ್ಟ ಹೆಜ್ಜೆ ಇಟ್ಟಾಯ್ತು. ವಾಪಸ್ ತಗೊಳ್ಳೋ ಹಾಗಿಲ್ಲ.”

ಇದೆಲ್ಲ ಅವರು ಶಾಲೆಯಲ್ಲಿ ಕಲಿತದ್ದಲ್ಲ, ಬಟ್ಟೆ ಒಣಗಿಸುತ್ತ ಕಲಿತದ್ದು. ಅವರನ್ನು ಸಾಕಿದ ಸೋದರತ್ತೆ ಹರೆಯದಲ್ಲಿ ಒಬ್ಬ ಫ್ರೆಂಚ್ ಮೇಷ್ಟ್ರ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ. ಒಳಗೆ ಮಕ್ಕಳು ರಾಗವಾಗಿ ಕ್ರಿಯಾಪದ ಒಪ್ಪಿಸುವುದು, ಹಿತ್ತಲಲ್ಲಿ ಅತ್ತೆ ತಂತಿಯ ಮೇಲೆ ಬಟ್ಟೆ ಹರವುವುದು. ನಾನು, ನೀನು, ಅವನು-ಅವಳು, ನಾವು, ನೀವು, ಅವರು ಎಂದು ಒಂದೊಂದು ರೂಪಕ್ಕೆ ಒಂದೊಂದು ಕ್ಲಿಪ್ಪು. ಪದ್ಯ ಹತ್ತಿದಂತೆ ಅದು ನಾಲಗೆಗೆ ಹತ್ತಿತು, ಅಕ್ಷರ ಆಮೇಲೆ ಬಂತು. ಮುಂದೆ ತಮ್ಮ ತಾರಸಿಯ ಮೇಲೆ, ತಾಯಿಯಿಲ್ಲದ ಸೋದರಸೊಸೆಗೆ ಅತ್ತೆ ಅದೇ ಪಾಠ ಕೊಟ್ಟರು. ‘ಮಾತಾಡು’ ಎಂಬುದರ ಆರು ರೂಪ, ‘ಪಾರ್ಲೆ, ಪಾರ್ಲಾ, ಪಾರ್ಲಾ, ಪಾರ್ಲಾಮ್, ಪಾರ್ಲಾತ್, ಪಾರ್ಲೇರ್’ ಎನ್ನುವ ಹೊತ್ತಿಗೆ ಒಂದು ಹೊದಿಕೆ ತಂತಿ ಹಿಡಿದು ನಿಲ್ಲುತ್ತಿತ್ತು. ತಪ್ಪಿದರೆ ಹೊದಿಕೆ ನೆಲಕ್ಕೆ. ಮತ್ತೆ ಒಗೆಯಬೇಕಾದವಳು ತಪ್ಪಿದವಳೇ.

“ಬೆತ್ತಕ್ಕಿಂತ ಅದೇ ಕಷ್ಟ” ಎಂದು ಓದಮ್ಮ ನಗುತ್ತಾರೆ. “ಆದ್ರೆ ಒದ್ದೆ ಬಟ್ಟೆ ವಾಸನೆ ಬಂದ್ರೆ ಈಗ್ಲೂ ನನ್ನ ತುಟಿ ತಾನೇ ಅಲ್ಲಾಡತ್ತೆ.”

ಅತ್ತೆಯ ಆ ಆರು ಮರದ ಕ್ಲಿಪ್ಪುಗಳು ಈಗ ಓದುವ ಮೇಜಿನ ಮೇಲಿವೆ. ಮರುದಿನದ ಪುಟಗಳನ್ನು ಹಿಂದಿನ ದಿನವೇ ನೋಡಿಟ್ಟುಕೊಂಡು, ನಾಲಗೆ ಎಡವುವ ಕಡೆ ಓದಮ್ಮ ಆಯಾ ರೂಪದ ಕ್ಲಿಪ್ಪು ಸಿಕ್ಕಿಸುತ್ತಾರೆ. ಕಥೆಯೆಂದರೆ ಹೆಚ್ಚಾಗಿ ಅವನು, ಅವಳು, ಅವರು. ಹಾಗಾಗಿ ಆ ಕ್ಲಿಪ್ಪುಗಳು ಸವೆದು ಕಪ್ಪಾಗಿವೆ. ‘ನಾವು’, ‘ನೀವು’ ಮಾತ್ರ ಕೊಂಡ ದಿನದಂತಿವೆ.

ಇಷ್ಟಾದರೂ ದಣಿದಾಗ, ಇಲ್ಲವೇ ಕಥೆ ಎಲ್ಲೋ ಕರುಳಿಗೆ ತಾಗಿದಾಗ, ಅವರ ನಾಲಗೆ ಪುಸ್ತಕದ ಕಾಲ ಬಿಟ್ಟು ಬಾಯಿಮಾತಿನ ಕಾಲಕ್ಕೆ ಜಾರುತ್ತದೆ. ಆಗ ಕಿವಿಮಾಮ ಗಾಜಿಗೆ ಉಂಗುರ ತಟ್ಟುತ್ತಾರೆ. “ಓದಮ್ಮ, ಮನೆಗೆ ಬಂದ್ಬಿಟ್ರಿ. ವಾಪಸ್ ಹೋಗಿ.” ತಾಯಿ ಸಾಯುವ ಒಂದು ಪುಟದಲ್ಲಿ ಅವರು ನಾಲ್ಕು ಸಲ ಮನೆಗೆ ಬಂದರಂತೆ. ನಾಲ್ಕನೆಯ ಸಲ ಕಿವಿಮಾಮ ತಟ್ಟಲಿಲ್ಲ, ನೀರು ತಂದು ಕೊಟ್ಟರು.

ಈ ವರ್ಷ ಕೈಗೆತ್ತಿಕೊಂಡಿರುವುದು ಒಂದು ದಪ್ಪ ಕಾದಂಬರಿ. ನದಿ ದಾಟಿಸುವ ದೋಣಿಯವರ ಮೂರು ತಲೆಮಾರಿನ ಕಥೆ. ಅದನ್ನು ಕೇಳಿಕೊಂಡವರು ಕಿವಿಮಾಮನೇ. ಚಿಕ್ಕಂದಿನಲ್ಲಿ ಅಕ್ಕ ಕಿಟಕಿಯ ಬಳಿ ಕೂತು ಅದನ್ನು ಅವರಿಗೆ ಓದಿ ಹೇಳುತ್ತಿದ್ದರು. ಅರ್ಧವಾಗುವಷ್ಟರಲ್ಲಿ ಅಕ್ಕನಿಗೆ ಮದುವೆಯಾಯಿತು, ದೂರದೂರಿಗೆ ಹೋದರು. ಪ್ರವಾಹದಲ್ಲಿ ದೋಣಿ ಹಗ್ಗ ಕಿತ್ತುಕೊಂಡಲ್ಲಿಗೆ ಕಥೆ ನಿಂತಿತು. ಕೊನೆ ಏನೆಂದು ಯಾರನ್ನಾದರೂ ಕೇಳಬಹುದಿತ್ತಲ್ಲ ಎಂದರೆ ಅವರು ತಲೆಯಾಡಿಸುತ್ತಾರೆ. “ಕಥೆ ಗೊತ್ತಾಗೋದು ಬೇರೆ, ಕೇಳೋದು ಬೇರೆ.”

ಈ ಕೋಣೆಗೊಂದು ಕಟ್ಟಳೆಯಿದೆ: ಒಂದು ಪುಸ್ತಕಕ್ಕೆ ಒಂದೇ ದನಿ. ನಡುವೆ ದನಿ ಬದಲಾದರೆ ಮೊದಲ ಪುಟದಿಂದ ಮತ್ತೆ ಓದಬೇಕು. ಕಾಣದವರಿಗೆ ದನಿಯೇ ಮುಖ, ಕಥೆಯ ನಡುವೆ ಮುಖ ಬದಲಾಗಬಾರದು ಎಂಬುದು ಕಿವಿಮಾಮನ ವಾದ. ನೆಗಡಿಯಲ್ಲಿ ಓದಿದ್ದಕ್ಕೆ ಒಬ್ಬ ನಿವೃತ್ತ ಮೇಷ್ಟ್ರ ಅರ್ಧ ಪುಸ್ತಕವನ್ನೇ ಅವರು ಅಳಿಸಿಹಾಕಿದ್ದುಂಟು. ಮೇಷ್ಟ್ರು ಇವತ್ತಿಗೂ ಅವರ ಹತ್ತಿರ ಮಾತು ಬಿಟ್ಟಿದ್ದಾರೆ.

ಹೀಗಿರುವಾಗಲೇ, ಕಾದಂಬರಿ ಮುಕ್ಕಾಲಾದಾಗ, ಓದಮ್ಮನ ಮೇಲಿನ ಮುಂದಿನ ಹಲ್ಲು ಅಲುಗಾಡತೊಡಗಿತು. ಹಲ್ಲಿನ ಡಾಕ್ಟರು ಕೀಳಿಸಿ ಎಂದರು. ಕಿತ್ತರೆ ದನಿ ಬದಲಾಗುತ್ತದೆ. ಹಲ್ಲು ತುಟಿಗೆ ತಾಗದೆ ‘ಫ್ಯು’ ಇಲ್ಲ, ‘ಫಿ’ ಇಲ್ಲ, ಅವಿಲ್ಲದೆ ಈ ಕಾಲದಲ್ಲಿ ಒಂದು ಪುಟ ದಾಟುವುದೂ ಕಷ್ಟ. ಓದಮ್ಮ ನೋವು ನುಂಗಿಕೊಂಡು ತಿಂಗಳುಗಟ್ಟಲೆ ಮುಂದೆ ಹಾಕಿದರು. ಗಟ್ಟಿ ಪದಾರ್ಥ ಬಿಟ್ಟರು. ಹೆಂಡತಿಯದು ಮೊದಲೇ ಮನೆಯಲ್ಲಿ ಮಾತು ಕಡಿಮೆ, ಈಗ ಮಾತೂ ಇಲ್ಲ ಊಟವೂ ಇಲ್ಲ ಎಂದು ಗಂಡ ಗೊಣಗಿದರು. ಪುಸ್ತಕದ ಭಾಷೆಯಲ್ಲಿ ಅಜ್ಜಿಯನ್ನು ಅಣಕಿಸುವುದು ಮೊಮ್ಮಗಳಿಗೊಂದು ಆಟ: “ಅಜ್ಜಿಯು ಬಂದಳು. ಅಜ್ಜಿಯು ಕುಳಿತಳು. ಅಜ್ಜಿಯು ಗಂಜಿಯನ್ನು ನುಂಗಿದಳು.”

ಕೊನೆಗೆ ಹಲ್ಲು ಯಾರನ್ನೂ ಕೇಳಲಿಲ್ಲ. ಕಳೆದ ವಾರ, ಕೊನೆಯ ಅಧ್ಯಾಯದ ಹೊಸಿಲಲ್ಲಿ, ‘ಫ್ಯು’ ಎಂದು ತುಟಿ ಒತ್ತಿದಾಗ ತಾನೇ ಅಂಗೈಗೆ ಬಿತ್ತು. ಆಚೆಗೆ ಹೋದದ್ದು ಬರೀ ಗಾಳಿ. “ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರಲ್ಲ, ಆ ಗಾದೆ ನನ್ನ ನೋಡೇ ಮಾಡಿದ್ದಿರ್ಬೇಕು” ಎಂದು ಓದಮ್ಮ ಹಲ್ಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಹೊಸ ಹಲ್ಲು ಕಟ್ಟಿಸಿಕೊಂಡು ಮೊದಲಿನಿಂದ ಓದುತ್ತೇನೆ, ಕಟ್ಟಳೆ ಕಟ್ಟಳೆಯೇ ಎಂದರು. ಮತ್ತೊಂದು ವರ್ಷದ ಕೆಲಸ ಅದು.

ಕಿವಿಮಾಮ ಎರಡು ದಿನ ಈವರೆಗಿನ ಓದನ್ನೇ ಮತ್ತೆ ಮತ್ತೆ ಹಾಕಿಕೊಂಡು ಕೇಳಿದರು. ಬೇರೆ ಪುಸ್ತಕವಾಗಿದ್ದರೆ ಅವರೇ ಅಳಿಸುತ್ತಿದ್ದರು. ತನಗೆ ಬೇಕಾದ ಪುಸ್ತಕವೆಂದು ಕಟ್ಟಳೆ ಸಡಿಲಿಸಿದರೆ ಮೇಷ್ಟ್ರಿಗೆ ಯಾವ ಮುಖ ತೋರಿಸುವುದು? ಮೂರನೆಯ ದಿನ ಒಂದು ಉಪಾಯ ಮಾಡಿದರು. ಓದಮ್ಮನಿಂದ ಹಲ್ಲು ಬಿದ್ದ ಬಾಯಲ್ಲೇ ಒಂದು ಪುಟ ಓದಿಸಿ, ಈವರೆಗಿನ ಓದನ್ನೆಲ್ಲ ಕಂತು ಕಂತಾಗಿ ಕೇಳಿದ್ದ ಒಬ್ಬ ಕೇಳುಗರಿಗೆ, ಏನೂ ಹೇಳದೆ ಅದನ್ನು ಹಾಕಿದರು. ಆಕೆ ದಿನಕ್ಕೊಂದು ಸ್ವೆಟರಿನ ತೋಳು ಹೆಣೆಯುವ ಅಜ್ಜಿ. ಹೆಣೆಯುವ ಕೈ ನಿಲ್ಲಿಸದೆಯೇ ಅಜ್ಜಿ ಹೇಳಿದರು:

“ಓದಮ್ಮನಿಗೆ ವಯಸ್ಸಾಯ್ತು, ಅಲ್ವಾ? ಆಗ್ಲಿ ಬಿಡಿ. ಕಥೇಲಿ ದೋಣಿಯವನಿಗೂ ಆಯ್ತು, ಅವನ ಹೆಂಡ್ತಿಗೂ ಆಯ್ತು. ಓದೋಳೊಬ್ಬಳು ಹರೆಯದಲ್ಲೇ ಇದ್ರೆ ಚೆನ್ನಾಗಿರತ್ತಾ?”

ಅಲ್ಲಿಗೆ ತೀರ್ಪಾಯಿತು. ಕಿವಿಮಾಮ ಅವತ್ತೇ ಮೇಷ್ಟ್ರ ಮನೆಗೆ ಹೋಗಿ, ನೆಗಡಿ ಇರಲಿ ಇಲ್ಲದಿರಲಿ ಬಂದು ಓದಿ ಎಂದು ಕರೆದು ಬಂದರು. ಮೇಷ್ಟ್ರು ಚಹಾ ಮಾತ್ರ ಕೊಟ್ಟರಂತೆ.

ಇವತ್ತು ಕೊನೆಯ ಪುಟ. ಗಡಿಯಾರ ಟವೆಲಿನಲ್ಲಿದೆ. ಓದಮ್ಮ ಪುಟದ ಅಂಚಿಗೆ ಒಂದು ಕ್ಲಿಪ್ಪು ಸಿಕ್ಕಿಸುತ್ತಾರೆ. ಗಾಜಿನ ಆಚೆ ತಲೆ ಎತ್ತುತ್ತದೆ.

“ಅದ್ಯಾವ ಕ್ಲಿಪ್ಪು? ಸ್ಪ್ರಿಂಗ್ ಬಿಗಿಯಾಗಿದೆ. ಈ ಸದ್ದು ನಾನು ಕೇಳಿಲ್ಲ.”

“ಸುಮ್ನೆ ಕೂತ್ಕೊಂಡು ಕೇಳಿ” ಎನ್ನುತ್ತಾರೆ ಓದಮ್ಮ.

ಇಷ್ಟುದ್ದಕ್ಕೂ ಅವನು, ಅವಳು ಎನ್ನುತ್ತ ಬಂದ ಕಥೆ ಕೊನೆಯ ಸಾಲಿನಲ್ಲಿ ಮೊದಲ ಸಲ ‘ನಾವು’ ಎನ್ನುತ್ತದೆ. ನೀರಿನ ಮೇಲೆ ನಾವು ಸುಖವಾಗಿದ್ದೆವು, ಅಷ್ಟೇ. ‘ಇದ್ದೆವು’ ಎನ್ನಲು ಅಲ್ಲಿರುವ ಮಾತು ‘ಫ್ಯುಮ್’. ಇಲ್ಲದ ಹಲ್ಲಿನ ಜಾಗದಿಂದ ಅದು ಅರ್ಧ ಮಾತಾಗಿ ಅರ್ಧ ಉಸಿರಾಗಿ ಹೊರಡುತ್ತದೆ, ದೀಪವನ್ನು ಮೆಲ್ಲಗೆ ಊದಿದ ಹಾಗೆ. ಗಾಜಿಗೆ ಉಂಗುರ ತಟ್ಟುವುದಿಲ್ಲ. ಅಷ್ಟರಲ್ಲಿ ಪಕ್ಕದ ಪಂಪು ಶುರುವಾಗುತ್ತದೆ.

“ಅಕ್ಕನಿಗೆ ಫೋನ್ ಮಾಡ್ಬೇಕು” ಎನ್ನುತ್ತಾರೆ ಕಿವಿಮಾಮ, ಎದ್ದು ಗೋಡೆ ತಡವುತ್ತ. “ದೋಣಿ ಸಿಕ್ತು ಅಂತ ಹೇಳ್ಬೇಕು.”

ಓದಮ್ಮ ಗಡಿಯಾರವನ್ನು ಮೊಳೆಗೆ ತೂಗುಹಾಕುತ್ತಾರೆ, ಉಂಗುರ ತೊಡುತ್ತಾರೆ. ಹೊಸ ಹಲ್ಲು ಬಂದ ಮೇಲೆ ಏನು ಆಸೆ ಎಂದು ಕೇಳಿದರೆ, ಒಂದು ಇಡೀ ಸೇಬನ್ನು ಕಚ್ಚಿ ತಿನ್ನಬೇಕು ಎನ್ನುತ್ತಾರೆ. ಆಮೇಲೆ ಪುಟದಿಂದ ಬಿಚ್ಚಿದ ಕ್ಲಿಪ್ಪನ್ನು ಕೈಯಲ್ಲಿ ತಿರುಗಿಸುತ್ತ ನಿಲ್ಲುತ್ತಾರೆ.

“ಇದು ಯಾವುದಕ್ಕೂ ಬರಲ್ಲ, ಎಸೀತೀನಿ ಅಂದಿದ್ದೆ ಒಂದ್ಸಲ. ಇಟ್ಕೋ, ಒಂದಿನ ಬೇಕಾಗತ್ತೆ ಅಂದಿದ್ರು ಅತ್ತೆ.” ಕ್ಲಿಪ್ಪನ್ನು ಉಳಿದ ಐದರ ಸಾಲಿನಲ್ಲಿ, ಅದರ ಜಾಗದಲ್ಲಿ ಇಡುತ್ತಾರೆ. “ಬೇಕಾಯಿತು.”