ಮಕಾಮಾ ಹೇಳಿ ಮನೆ ಕಳೆದುಕೊಂಡದ್ದು

ಹನೂರಿಗೆ ಬಂದ ಎಂಟನೆಯ ದಿನ ಬೆಳಗ್ಗೆ ನನ್ನ ಹಾಸಿಗೆ, ಟ್ರಂಕು ಎರಡೂ ಬೀದಿಯಲ್ಲಿದ್ದವು. ನಾನು ಕದ್ದಿರಲಿಲ್ಲ, ಕುಡಿದಿರಲಿಲ್ಲ. ಹಿಂದಿನ ಸಂಜೆ ಒಂದು ಕಥೆ ಹೇಳಿದ್ದೆ, ಅಷ್ಟೆ.

ವಿಜಾಪುರದ ಗೆಳೆಯರೇ, ನಮ್ಮೂರೂ ಈ ಕೊಳ್ಳೇಗಾಲದ ಸೀಮೆಯೂ ಒಂದೇ ರಾಜ್ಯಕ್ಕೆ ಸೇರಿ ನಾಲ್ಕು ವರ್ಷವಾಯಿತು. ಸೇರಿಸಿದ್ದು ಸರ್ಕಾರ, ಮನೆಯೊಡತಿ ಪುಟ್ಟಮ್ಮ ಇನ್ನೂ ಸೇರಿಸಿಕೊಂಡಿರಲಿಲ್ಲ. ಇಲ್ಲಿ ಜೋಳದ ರೊಟ್ಟಿಯಿಲ್ಲ. ‘ಇಟ್ಟು’, ಅಂದರೆ ರಾಗಿಮುದ್ದೆ, ಅಗಿಯದೆ ನುಂಗಬೇಕು. ನಾನು ಅಗಿದೆ. ಅರಬ್ಬಿ ಕಲಿಸಲು ಬಂದ ಮೇಷ್ಟ್ರಿಗೆ ನುಂಗಲೂ ಬಾರದೆಂದು ಬೀದಿಯೇ ನಕ್ಕಿತು.

ಅವರನ್ನು ಒಲಿಸಿಕೊಳ್ಳಲು ಜಗಲಿಯ ಮೇಲೆ ಮಕಾಮಾ ಹೇಳಿದೆ. ಪ್ರಾಸದ ಗದ್ಯ, ನಡುನಡುವೆ ಪದ್ಯ ಬರುವ ಹಳೆಯ ಅರಬ್ಬಿ ಕಥೆ ಅದು. ಮಾತಿನ ಮಲ್ಲನಾದ ಪರದೇಶಿಯೊಬ್ಬ “ಹೊಟ್ಟೆ ಬರಿದು, ಬಟ್ಟೆ ಹರಿದು” ಎಂದು ಜನರನ್ನು ಕರಗಿಸಿ, ಕೈತುಂಬ ಪಡೆದು ಜಾರಿಕೊಳ್ಳುತ್ತಾನೆ. ಕಥೆ ಹೇಳುವ ‘ನಾನು’ ಅವನು ಮೋಸಗಾರನೆಂದು ಗುರುತು ಹಿಡಿದರೂ ಬಾಯಿ ಬಿಡುವುದಿಲ್ಲ. ಕೇಳಿದವರು ಯಾರೂ ಹೂಂಗುಟ್ಟಲಿಲ್ಲ.

“ಕಳ್ಳ ಅಂತ ಗೊತ್ತಿದ್ದೂ ಬುಟ್ಬುಟ್ರಲ್ಲ ಸಾ,” ಎಂದಳು ಪುಟ್ಟಮ್ಮ, ಬೆಳಗ್ಗೆ ಬಾಗಿಲಿಗಡ್ಡ ನಿಂತು.

“ಅದು ನಾನಲ್ರೀ, ಕಥಿಯೊಳಗಿನ ನಾನು.”

“ನಮ್ ದೇವ್ರ ಪದ ಹೇಳೋರು ಮಾದಪ್ಪ ಓದ, ಮಾದಪ್ಪ ಬಂದ ಅಂತಾರೆ. ನಾನು ಅಂತ ಕೋರ್ಟಲ್ಲಿ ಅಂತಾರೆ ಕಣ್ರಿ.”

ಶುಕ್ರವಾರ ಹೆಂಡತಿ ಬರುವವಳಿದ್ದಳು. ಮನೆ ಸಿಕ್ಕಿತೆಂದು ಕಾಗದ ಹಾಕಿಯಾಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೆ ಟ್ರಂಕು ತೋರಿಸಿ “ಇದರ ಮ್ಯಾಲೆ ಕೂಡು” ಅನ್ನುವುದನ್ನು ಆಗಲೇ ಏಳು ಬಗೆಯಲ್ಲಿ ಕಲ್ಪಿಸಿಕೊಂಡಿದ್ದೆ. ಕೈಮುಗಿದೆ: “ನನ್ನ ಮಾತು ನಂಬ್ರಿ, ನಮ್ಮ ಮನಿಯಾಕಿ ಬರ್ತಾಳ್ರಿ, ನನ್ನ ಮಾನ ಉಳಸ್ರಿ!”

“ಕೇಳ್ದಾ ಪುಟ್ಟಕ್ಕ,” ಎಂದ ಪಕ್ಕದ ಮನೆಯ ಚಿಕ್ಕಣ್ಣ, “ಆ ಕಳ್ಳ್ ನನ್ಮಗನಂಗೇ ಪ್ರಾಸ ಕಟ್ತಾವ್ನೆ!”

ಹಾಳು ನಾಲಿಗೆ. ದಿನವೆಲ್ಲ ಟ್ರಂಕಿನ ಮೇಲೆ ಕೂತಿದ್ದೆ. ನೀರು ಕೇಳಿದರೆ ಬಾವಿ ತೋರಿಸಿದರು, ಹಗ್ಗ ಕೊಡಲಿಲ್ಲ. ಸಂಜೆ ಜಗಲಿಯ ಕೆಳಗೆ ನಿಂತು ಅದೇ ಕಥೆಯನ್ನು ಮತ್ತೆ ಹೇಳಿದೆ. ಈ ಸಲ ‘ನಾನು’ ಆ ಪರದೇಶಿಯ ರಟ್ಟೆ ಹಿಡಿದು, “ಇವನೇ ಕಳ್ಳ!” ಎಂದು ಕೂಗಿ ಜನರಿಗೆ ಒಪ್ಪಿಸಿದೆ.

“ಅಂಗನ್ನಿ ಮತ್ತೆ,” ಎಂದು ಪುಟ್ಟಮ್ಮ ಟ್ರಂಕಿನ ಒಂದು ಕಿವಿ ಹಿಡಿದು ಮನೆಯತ್ತ ಎತ್ತಿದಳು.

ಈಗ ಆ ಕಥೆಯನ್ನು ಅವರೇ ಕೇಳಿ ಹೇಳಿಸುತ್ತಾರೆ. ಹಿಡಿದುಕೊಡುವ ಜಾಗ ಬಂದಾಗ ಬೀದಿಯೆಲ್ಲ ಹೂಂಗುಟ್ಟುತ್ತದೆ. ಹೆಂಡತಿ ಮೊದಲ ಸಲ ಕೇಳಿ ಒಳಗೆ ಬಂದವಳು ಮೆಲ್ಲಗೆ ಅಂದಳು: “ಊರಾಗ ಇದ್ದಾಗ ಆತನ್ನ ಬಿಟ್ಟು ಕಳಿಸ್ತಿದ್ರಿ. ಇಲ್ಲಿ ಯಾಕ ಹಿಡಿದು ಕೊಟ್ರಿ?”

ನಾನು ತಲೆಯ ಮೇಲಿದ್ದ ಛಾವಣಿಯತ್ತ ಕೈ ತೋರಿಸಿದೆ.