ಗಿಣ್ಣು ಬಿಟ್ಟ ಕಂಪೌಂಡರು

ಉಜ್ಜಿನಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹೊನ್ನೂರಮ್ಮನವರ ಕೊಟ್ಟಿಗೆಯಲ್ಲಿ ಮರುಳಪ್ಪ ಮೊಣಕೈತನಕ ಕೊಬ್ಬರಿ ಎಣ್ಣೆ ಸವರಿಕೊಂಡು ಎಮ್ಮೆಯ ಹಿಂದೆ ಕೂತಿದ್ದಾರೆ. ಹೊಟ್ಟೆಯೊಳಗೆ ಕರುವಿನ ಕಾಲು ಮಡಚಿಕೊಂಡಿದೆ. "ತಡಿಯವ್ವಾ, ಅವಸರ ಮಾಡಬ್ಯಾಡ" ಎನ್ನುತ್ತಾರೆ. ಹೇಳಿದ್ದು ಹೊನ್ನೂರಮ್ಮನಿಗೋ ಎಮ್ಮೆಗೋ ತಿಳಿಯದು, ಇಬ್ಬರೂ ಸುಮ್ಮನಾಗುತ್ತಾರೆ. ಸ್ವಲ್ಪ ಹೊತ್ತಿಗೆ ಕರು ಹುಲ್ಲಿನ ಮೇಲೆ ಜಾರಿ ಬಿದ್ದು ಕಿವಿ ಕೊಡವುತ್ತದೆ.

ಪಶು ಆಸ್ಪತ್ರೆಯ ಕಂಪೌಂಡರಾಗಿದ್ದ ಮರುಳಪ್ಪ ತೊಂಬತ್ತೈದನೇ ಇಸವಿಯಲ್ಲಿ ನಿವೃತ್ತರಾದರು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯ ಹಟ್ಟಿಗಳನ್ನೆಲ್ಲ ಸೈಕಲ್ಲಿನಲ್ಲಿ ಸುತ್ತಿದವರು. ಯಾರಾದರೂ ಬಾಗಿಲು ಬಡಿದರೆ ಆ ಸೈಕಲ್ಲು ಈಗಲೂ ಹೊರಡುತ್ತದೆ. ಕಾಸು ಮಾತ್ರ ಮುಟ್ಟುವುದಿಲ್ಲ. ದೊಡ್ಡ ಮನಸ್ಸು ಎಂದು ಹೊಗಳಲು ಹೋದರೆ ತಡೆಯುತ್ತಾರೆ. "ಅದೇನಿಲ್ರಿ. ರೊಕ್ಕ ತಗೊಂಡು ದುಡಿದ್ರ ತುಟ್ಟಿಭತ್ಯೆ ಹೋಕ್ಕೈತಿ."

ನಿವೃತ್ತರು ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆ, ಸಂಬಳದ ಕೆಲಸದಲ್ಲಿಲ್ಲ ಎಂದು ಪಿಂಚಣಿ ಕಚೇರಿಗೆ ಬರೆದುಕೊಡಬೇಕು. ಕೆಲಸ ಹಿಡಿದರೆ ಪಿಂಚಣಿಯ ಮೇಲಿನ ಭತ್ಯೆಗೆ ಕತ್ತರಿ. ಆದಾಯ ತೆರಿಗೆಯಂತೂ ಮರುಳಪ್ಪನವರ ಪಿಂಚಣಿಯ ಕಡೆ ತಿರುಗಿಯೂ ನೋಡುವುದಿಲ್ಲ, ಅಷ್ಟು ಸಣ್ಣದು. ಆದರೆ ಹೆಂಡತಿ ಅನ್ನದಾನಮ್ಮನವರ ಸಕ್ಕರೆ ಕಾಯಿಲೆಯ ಗುಳಿಗೆ ಬರುವುದು ಆ ಭತ್ಯೆಯಿಂದಲೇ.

ಮೂರು ವರ್ಷದ ಹಿಂದೆ ಎಡವಟ್ಟಾಯಿತು. ಈ ಕಡೆ ಎಮ್ಮೆ ಈದಾಗ ಅದರ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡುತ್ತಾರೆ. ಕರು ತೆಗೆದವರ ಮನೆಗೆ ಒಂದು ತಟ್ಟೆ ಕಳಿಸದೆ ಯಾರೂ ಬಾಯಿಗಿಡುವುದಿಲ್ಲ. ಮರುಳಪ್ಪನವರಿಗೋ ಗಿಣ್ಣೆಂದರೆ ಪಂಚಪ್ರಾಣ. ಆ ನವೆಂಬರಿನಲ್ಲಿ "ಸಂಬಳವಿಲ್ಲ" ಎಂದು ಬರೆದವರು, ಮನಸ್ಸು ಕೊರೆದು, ಕೆಳಗೆ "ಗಿಣ್ಣು ಮಾತ್ರ ತೆಗೆದುಕೊಳ್ಳುತ್ತೇನೆ" ಎಂದು ಸೇರಿಸಿಬಿಟ್ಟರು. ಗಿಣ್ಣು ಯಾವ ಬಾಬ್ತಿಗೆ ಸೇರುತ್ತದೆಂದು ಕಚೇರಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಭತ್ಯೆ ನಿಂತಿತು.

"ಆ ಸಾಲು ಹೊಡೆದು ಹಾಕ್ರಿ ಯಜಮಾನ್ರ, ಭತ್ಯೆ ಬರ್ತೈತಿ" ಎಂದರು ಗುಮಾಸ್ತರು.

"ತಿಂದಿದ್ದು ಖರೇ ಐತಲ್ರಿ. ಹೆಂಗ ಹೊಡೀಲಿ?" ಎಂದು ಇವರು ಬರಿಗೈಲಿ ಮನೆಗೆ ಬಂದರು. ಇಂಥವರನ್ನು ಕಟ್ಟಿಕೊಂಡು ಬಾಳುವುದು ಸುಲಭವಲ್ಲ.

ಅವತ್ತಿನಿಂದ ಗಿಣ್ಣು ಬೇಡವೆಂದರು. ತಟ್ಟೆ ಹಿಡಿದು ಬಂದ ಹೊನ್ನೂರಮ್ಮ ಬಾಗಿಲಲ್ಲೇ ಕಣ್ಣೀರು ಹಾಕಿದರು. "ನೀವು ಬ್ಯಾಡಂದ್ರ ಎಮ್ಮಿ ಕೆಚ್ಚಲಕ್ಕ ಒಳ್ಳೇದಲ್ರಿ. ಇನ್ನೊಂದ್ ಸಲ ಯಾವ ಮುಖ ಹೊತ್ತು ಕರೀಲಿ?" ಹಟ್ಟಿಯವರೂ ಕರೆಯಲು ಹಿಂಜರಿದರು. ಕರು ಅಡ್ಡಬಿದ್ದು ಯಾರದೋ ಎಮ್ಮೆ ಸತ್ತ ಸುದ್ದಿ ಬಂದ ದಿನ ಮರುಳಪ್ಪ ಊಟಕ್ಕೆ ಏಳಲಿಲ್ಲ.

ದಾರಿ ತೋರಿಸಿದ್ದು ಅನ್ನದಾನಮ್ಮ. "ನನಗೇನು ಪಿಂಚಣಿ ಇಲ್ಲ. ಗಿಣ್ಣಿನ ತಟ್ಟಿ ನನ್ನ ಕೈಯಾಗ ಕೊಡ್ರಿ" ಎಂದು ಊರಿಗೆಲ್ಲ ಹೇಳಿಕಳಿಸಿದರು. ಅವರು ಸಿಹಿ ಮುಟ್ಟುವಂತಿಲ್ಲ, ಬಂದದ್ದೆಲ್ಲ ಓಣಿಯ ಮಕ್ಕಳ ಪಾಲು. ಮರುವರ್ಷ ಮರುಳಪ್ಪ ಆ ಸಾಲಿಲ್ಲದೆ ಬರೆದುಕೊಟ್ಟರು, ಭತ್ಯೆ ಮತ್ತೆ ಶುರುವಾಯಿತು. ಬಾಗಿಲು ಬಡಿಯುವವರೂ ಮತ್ತೆ ಬಂದರು.

ಹೊನ್ನೂರಮ್ಮನವರ ಕೊಟ್ಟಿಗೆಯಿಂದ ಮರುಳಪ್ಪನವರ ಜೊತೆ ಅವರ ಮನೆಗೆ ಬಂದ ನಾನು, ಮನೆಯೊಳಗಿನ ಗಿಣ್ಣು, ಒಂದು ತುಂಡು ತಿಂದರೆ ಯಾರು ನೋಡುತ್ತಾರೆ ಎಂದು ಕೆಣಕುತ್ತೇನೆ. ಅನ್ನದಾನಮ್ಮ ನಗುತ್ತಾರೆ. "ನಾನೂ ಹೇಳಿ ಹೇಳಿ ಸಾಕಾಗೇನಿ. ಅವತ್ತಿಂದ ಬೆರಳಿಗೂ ಹಚ್ಚಿಲ್ಲ, ನೋಡ್ರಿ."

ಮರುಳಪ್ಪ ತಲೆ ತಗ್ಗಿಸಿ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ. "ಯಾರೂ ನೋಡಂಗಿಲ್ಲ, ಖರೇ. ಆದ್ರ ನವೆಂಬರ್‌ನಾಗ ಸಹಿ ಮಾಡಾವ ನಾನ ಅಲ್ಲೇನ್ರಿ? ಇಕಿ ಗುಳಿಗಿ ನುಂಗುವಾಗ, ಅದು ಸುಳ್ಳಿನ ರೊಕ್ಕದ್ದು ಅಂತ ನನಗ ಅನ್ನಿಸಬಾರ್ದು."