ದೇವರ ಪಾಲಿನ ಉಪ್ಪು

ಕನಸಿಗೆ ವಾಸನೆ ಇರುವುದಿಲ್ಲ ಎಂದು ಯಾರೋ ಹೇಳಿದಾಗ ನನಗೆ ಸಿಟ್ಟೇ ಬಂದಿತ್ತು. ನನ್ನ ಕನಸುಗಳಲ್ಲಿ ವಾಸನೆ ಬಿಟ್ಟರೆ ಬೇರೆ ಏನೂ ಇರುವುದಿಲ್ಲ. ಬೆಳಗಿನ ಅರೆಎಚ್ಚರದಲ್ಲಿ ಮೊದಲು ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುವ ವಾಸನೆ ಬರುತ್ತದೆ, ಆಮೇಲೆ ಹುರಿದ ಅಗಸಿ ಬೀಜದ್ದು, ಆಮೇಲೆ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದದ್ದು. ಅದರ ಬೆನ್ನಿಗೆ ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿದ್ದ ನಮ್ಮ ಮನೆಯ ಮುಂಗೋಣೆ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಆರು ಮೇಜು, ನೀಲಿ ಬಣ್ಣದ ಕಿಟಕಿ, ಗೋಡೆಯ ಗೂಡಿನಲ್ಲಿ ಖಂಡೋಬನ ಪಟ, ಒಳಗೆ ಒಲೆಯ ಮುಂದೆ ಮಣೆ ಹಾಕಿಕೊಂಡು ಕುಳಿತ ನಮ್ಮ ಅತ್ತೆ. ಅವರ ಮುಖ ಮಾತ್ರ ಯಾವಾಗಲೂ ಆವಿಯ ಹಿಂದೆ ಇರುತ್ತದೆ. ಕರೆಯೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಎಚ್ಚರವಾಗುತ್ತದೆ.

ಅದು ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆಯವರು ಮಾರ್ಕೆಟ್ ಯಾರ್ಡಿನ ಒಂದು ಅಡತಿ ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ವಿಜಯಪುರದ ಕಡೆಯಿಂದ ಮೆಣಸಿನಕಾಯಿ, ಬೆಲ್ಲ ತುಂಬಿಕೊಂಡು ಬಂದ ವ್ಯಾಪಾರಿಗಳೆಲ್ಲ ಊಟಕ್ಕೆ ನಮ್ಮ ಮನೆಗೇ. ಕೆಲವರು ನೆಂಟರು, ಕೆಲವರು ನೆಂಟರ ನೆಂಟರು, ಇನ್ನು ಕೆಲವರು ಹಸಿದವರು. ಒಂದು ದಿನ ಅವರಲ್ಲೊಬ್ಬರು ಕೈ ತೊಳೆಯುತ್ತ, "ಅವ್ವಾರ, ಇದನ್ನೊಂದು ಖಾನಾವಳಿ ಮಾಡಿಬಿಡ್ರಿ. ನಾವೂ ಸಂಕೋಚ ಬಿಟ್ಟು ಎರಡ ರೊಟ್ಟಿ ಹೆಚ್ಚಿಗಿ ಉಣ್ತೀವಿ" ಎಂದರು. ಅತ್ತೆ ಎರಡು ದಿನ ಯೋಚಿಸಿ ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು.

"ನನ್ನ ಒಲಿ ಮ್ಯಾಲಿನ ಅಡಗಿ ಮೊದಲ ದೇವರು ಉಣಬೇಕು. ಅಲ್ಲೀತನಕ ಯಾರೂ ನಾಲಿಗಿಗೆ ಹಚ್ಚಬಾರದು. ದೇವರು ಉಂಡಮ್ಯಾಲ ಅದಕ್ಕ ಏನೂ ಹಾಕಬಾರದು, ತಗೀಬಾರದು. ಆಂವಾ ಉಂಡದ್ದನ್ನ ಮಂದಿ ಉಣಬೇಕು."

ದಿನಾ ಹತ್ತೂವರೆಗೆ ನೈವೇದ್ಯ. ಬಾಳೆಲೆಯ ತುಂಡಿನ ಮೇಲೆ ಎಲ್ಲದರದೂ ಒಂದೊಂದು ಚಮಚ. ಪಟದ ಮುಂದಿನ ಪುಟ್ಟ ಪರದೆ ಸರಿಸಿ, ಎಲೆಯ ಸುತ್ತ ನೀರು ಬಿಟ್ಟು, ಅತ್ತೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಬೇಗ ಬಂದ ಗಿರಾಕಿಗಳು ಹೊರಗೆ ವಾಸನೆ ಕುಡಿಯುತ್ತ ಕಾಯಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಅವರು ಗೊಣಗುವುದು ಒಳಗೆ ಕೇಳಿಸುತ್ತಿತ್ತು. ಅತ್ತೆ ಕೇಳಿಸದವರಂತೆ ಇರುತ್ತಿದ್ದರು. ಆಮೇಲೆ ಆ ಎಲೆಯನ್ನು ಹಿತ್ತಿಲಿಗೆ ಒಯ್ದು, ಪಕ್ಕದ ಗವಳಿಗರ ಆಕಳಿಗೆ ತಿನ್ನಿಸಿ, ತುಳಸಿಗೆ ನೀರು ಹಾಕಿ ಬರುತ್ತಿದ್ದರು.

ರುಚಿ ನೋಡದೆ ಅರವತ್ತು ಎಪ್ಪತ್ತು ಜನಕ್ಕೆ ಅಡುಗೆ ಮಾಡುವುದು ಹೇಗೆ ಎಂದು ಕೇಳುತ್ತೀರಿ. ಅವರದೆಲ್ಲ ಮೂಗು. ಕುದಿಯುವ ಪಾತ್ರೆಯ ಮೇಲೆ ಒಂದು ಕ್ಷಣ ಬಗ್ಗುವುದು, ಅರ್ಧ ಕಣ್ಣು ಮುಚ್ಚುವುದು, "ಇನ್ನ ನಾಕ ಹರಳ ಉಪ್ಪ ಬೇಕ ಅನ್ನಾಕತ್ತದ" ಎನ್ನುವುದು. ನಾಲ್ಕು ಎಂದರೆ ನಾಲ್ಕೇ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಇದನ್ನು ಬೂಟಾಟಿಕೆ ಎಂದೇ ತಿಳಿದಿದ್ದೆ. ಊಟಕ್ಕೆ ಕೂತಾಗ ಮಾತ್ರ ತಪ್ಪು ಹಿಡಿಯಲು ಏನೂ ಸಿಗುತ್ತಿರಲಿಲ್ಲ, ಅದರಿಂದ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಹಳೆಯ ಅಡುಗೆ ಅತ್ತೆಯದು, ಅದಕ್ಕೆ ಹೊಸ ಅಂಗಿ ತೊಡಿಸುವ ಹುಚ್ಚು ನನ್ನದು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂಬಂತೆ ದಿನಾ ಅದೇ ರೊಟ್ಟಿ, ಅದೇ ಪಲ್ಯ ಎಂದರೆ ನನಗಾಗದು. ಅಂಗೈಯಗಲದ ಗರಿಗರಿ ಕಟಿ ರೊಟ್ಟಿ ಮಾಡಿಸಿ ಅದರ ಮೇಲೆ ಪುಂಡಿಪಲ್ಯ ಹಚ್ಚಿ, ಹಸಿ ಉಳ್ಳಾಗಡ್ಡಿ ಉದುರಿಸಿ ಕೊಟ್ಟೆ. ಮರಾಠಿ ಕಾಲೇಜು ಹುಡುಗಿಯರು ಅದನ್ನು ಕೇಳಿ ಕೇಳಿ ತಿಂದರು. ಕಡಲೆಹಿಟ್ಟಿನ ಜುಣಕದ ವಡಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಮೊಸರಿನ ಜೊತೆ ಕೊಟ್ಟೆ. ಮದುವೆ ಮನೆಯ ಸಿಹಿ ಮಾದೇಲಿಯನ್ನು ತುಪ್ಪದಲ್ಲಿ ಉಂಡೆ ಕಟ್ಟಿದೆ. ಜೋಳದ ನುಚ್ಚನ್ನು ಬಟ್ಟಲಲ್ಲಿ ತಣ್ಣಗೆ ಮಾಡಿ, ಮೇಲೆ ಮಜ್ಜಿಗೆ ಸುರಿದು, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟೆ. ಅದನ್ನು ನೋಡಿ ಅತ್ತೆ, "ಬಡತನದಾಗ ಉಂಡದ್ದನ್ನ ಮಂದಿ ಈಗ ಚಂದಂತ ಉಣ್ತಾರ ನೋಡು" ಎಂದು ಬಹಳ ಹೊತ್ತು ನಕ್ಕಿದ್ದರು. ನಮ್ಮ ಅಂಗಡಿಗೆ ಬೋರ್ಡು ಇರಲಿಲ್ಲ. ಓಣಿಯವರು ಅದನ್ನು 'ಕಾನಡಿ ಆಜಿಯ ಹೋಟೆಲು', ಅಂದರೆ ಕನ್ನಡದ ಅಜ್ಜಿಯ ಹೋಟೆಲು, ಎನ್ನುತ್ತಿದ್ದರು. ನನ್ನ ಹೆಸರು ಅದರಲ್ಲಿ ಎಲ್ಲೂ ಬರಲಿಲ್ಲವೆಂದು ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಮಧ್ಯಾಹ್ನ ಒಂದರ ಹೊತ್ತಿಗೆ ಆ ಕೋಣೆ ನೆಲ ಬಿಟ್ಟು ಸ್ವಲ್ಪ ಮೇಲೆ ತೇಲುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ನೀಲಿ ಕಿಟಕಿಯಿಂದ ಬಂದ ಬಿಸಿಲು ಆವಿಯಲ್ಲಿ ಸಿಕ್ಕಿಕೊಂಡು ಕೆಳಗಿಳಿಯುತ್ತಿರಲಿಲ್ಲ. ಕೆಲಸಕ್ಕೆ ಬರುತ್ತಿದ್ದ ಹೆಂಗಸು ರೊಟ್ಟಿ ಬಡಿಯುವ ಸದ್ದು ಒಂದೇ ತಾಳದಲ್ಲಿ ಬರುತ್ತಿತ್ತು. ಖಡಕಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಪ್ರತಿ ಗುರುವಾರ ಎರಡು ಬಸ್ಸು ಬದಲಿಸಿ ನುಚ್ಚು ಉಣ್ಣಲು ಬರುತ್ತಿದ್ದರು. ಅವರು ಮೊದಲ ತುತ್ತಿಗೆ ಕಣ್ಣು ಮುಚ್ಚಿದರೆ ಬಟ್ಟಲು ಮುಗಿದ ಮೇಲೆಯೇ ತೆರೆಯುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಬಾಯಿಬಡುಕಿಯಾದ ನಾನೂ ಸುಮ್ಮನಿರುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ ಅತ್ತೆಗೆ ನೆಗಡಿ, ಜ್ವರ ಬಂದು ತಿಂಗಳುಗಟ್ಟಲೆ ಬಿಡಲಿಲ್ಲ. ಕೊನೆಗೆ ವಾಸಿಯಾಗಿ ಮತ್ತೆ ಮಣೆಯ ಮೇಲೆ ಕುಳಿತರು. ಅದೇ ವಾರ ಒಂದು ಬೆಳಗ್ಗೆ ನಾನು ಹೊರಗೆ ಮೇಜು ಒರೆಸುತ್ತಿದ್ದಾಗ ಹಾಲು ತಳ ಹತ್ತಿದ ವಾಸನೆ ಬಂತು. ಓಡಿ ಒಳಗೆ ಹೋದೆ. ಹಾಲಿನ ಪಾತ್ರೆ ಅವರ ಮೊಣಕಾಲಿನ ಪಕ್ಕದಲ್ಲೇ ಇತ್ತು, ಹೊಗೆ ಏಳುತ್ತಿತ್ತು. ಅವರು ಆ ಕಡೆ ಬೆನ್ನು ಮಾಡಿ, ಏನನ್ನೋ ಗುನುಗುತ್ತ ಆರಾಮವಾಗಿ ಮೆಂತ್ಯಸೊಪ್ಪು ಬಿಡಿಸುತ್ತಿದ್ದರು.

ನನ್ನನ್ನು ನೋಡಿದರು. ಹಾಲನ್ನು ನೋಡಿದರು. "ಧ್ಯಾನ ಎಲ್ಲೋ ಇತ್ತು" ಎಂದರು. ನಾನು "ಹೌದ್ರಿ" ಎಂದೆ. ಇಬ್ಬರಿಗೂ ಗೊತ್ತಿತ್ತು ಅದು ಧ್ಯಾನವಲ್ಲ, ಮೂಗು ಎಂದು.

ನಮ್ಮ ಮನೆಯವರಿಗೆ ಹೇಳಬಹುದಿತ್ತು. ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಅವರಿಗೆ ತಾಯಿಯೆಂದರೆ ಜೀವ, ಅದೇ ಅಪಾಯ. ಮೊಣಕಾಲು ನೋವು ಎಂದಾಗ ಪ್ರೀತಿಯಿಂದ ಬೀಸುಕಲ್ಲು ಎತ್ತಿಟ್ಟರು. ಕಣ್ಣು ಮಂಜು ಎಂದಾಗ ಪ್ರೀತಿಯಿಂದ ಸೂಜಿದಾರ ತೆಗೆದಿಟ್ಟರು. ಇನ್ನು ಮೂಗು ಹೋಯಿತು ಎಂದರೆ ಪ್ರೀತಿಯಿಂದ ಅಡುಗೆಯವನೊಬ್ಬನನ್ನು ತಂದು ತಾಯಿಯನ್ನು ಕುರ್ಚಿಯ ಮೇಲೆ ಕೂಡಿಸುತ್ತಾರೆ. "ಈ ಮಣಿ ಒಂದ ಉಳದದ ನನಗ" ಎಂದು ಅತ್ತೆ ಹಿಂದೊಮ್ಮೆ ಹೇಳಿದ್ದು ನನ್ನ ಕಿವಿಯಲ್ಲಿತ್ತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲ ಬಾಗಿಲಲ್ಲಿ ನಿಂತಿತ್ತು. ಅದನ್ನು ಒಳಗೆ ಕರೆಯಲು ನನಗೆ ಮನಸ್ಸಾಗಲಿಲ್ಲ. ಆ ಮಣೆಯಿಂದ ಅವರನ್ನು ಯಾರೂ ಎಬ್ಬಿಸಬಾರದು ಎಂದು ಅಂದೇ ತೀರ್ಮಾನಿಸಿದೆ.

ಉಪ್ಪು ದಿನಾ ಕಡಿಮೆಯೇ ಇರುತ್ತಿತ್ತು. ಹೆಚ್ಚಾದದ್ದು ಒಂದು ದಿನವೂ ಇಲ್ಲ. ದೇವರಿಗಿಂತ ಮೊದಲು ಎಂಜಲು ಮಾಡಲು ನನ್ನಂಥ ಗಟ್ಟಿಗಿತ್ತಿಗೂ ಎದೆ ಬರಲಿಲ್ಲ. ಆಮೇಲೆ ಏನೂ ಹಾಕಬಾರದೆಂಬ ಇನ್ನೊಂದು ಮಾತು ಮುರಿಯುವುದೇ ಕಡಿಮೆ ಪಾಪ ಎನ್ನಿಸಿತು. ಆದ್ದರಿಂದ ನೈವೇದ್ಯ ಮುಗಿದು, ಅತ್ತೆ ಎಲೆ ಹಿಡಿದು ಹಿತ್ತಿಲಿಗೆ ಹೋದ ಹತ್ತು ನಿಮಿಷದಲ್ಲಿ ನನ್ನ ಕೆಲಸ. ಪ್ರತಿ ಪಾತ್ರೆಯಿಂದ ಒಂದು ಹನಿ ಅಂಗೈಗೆ, ಅಂಗೈಯಿಂದ ನಾಲಿಗೆಗೆ. ಬಿಸಿನೀರಿನಲ್ಲಿ ಕರಗಿಸಿಟ್ಟ ಉಪ್ಪು ಬೇಕಾದಷ್ಟು ಸುರಿದು, ಕೈಯಾಡಿಸಿ, ಮುಚ್ಚಿ, ಏನೂ ಆಗದವಳಂತೆ ಮೇಜಿನ ಮೇಲೆ ಉಪ್ಪಿನ ಬಟ್ಟಲು ಜೋಡಿಸುತ್ತ ನಿಲ್ಲುತ್ತಿದ್ದೆ. ಆ ಬಟ್ಟಲುಗಳನ್ನು ಯಾರೂ ಮುಟ್ಟುತ್ತಿರಲಿಲ್ಲ, ಅದು ನಮ್ಮ ಅಂಗಡಿಯ ಹೆಮ್ಮೆ. ಮೂರು ಗಂಟೆಗೆ ಎಲ್ಲರದೂ ಆದ ಮೇಲೆ ಅತ್ತೆ ಉಣ್ಣುತ್ತಿದ್ದರು. ಮೂಗು ಹೋದರೂ ಅವರ ನಾಲಿಗೆಗೆ ಉಪ್ಪು, ಹುಳಿ ಗೊತ್ತಾಗುತ್ತಿತ್ತು. ಏನೂ ಹೇಳದೆ ಉಂಡು ಏಳುತ್ತಿದ್ದರು.

ಆ ವರ್ಷಗಳಲ್ಲಿ ಅವರು ಹೊಸದೊಂದು ರೂಢಿ ಹಚ್ಚಿಕೊಂಡರು. ನೈವೇದ್ಯದ ಹೊತ್ತಿಗೆ ಪಟದ ಮುಂದೆ ಮೂರು ಸಲ ಗಲ್ಲ ಬಡಿದುಕೊಳ್ಳುವುದು. ವಯಸ್ಸಾದಂತೆ ಭಕ್ತಿ ಜಾಸ್ತಿ ಎಂದುಕೊಂಡು ನಾನು ಬಾಯಿ ಮುಚ್ಚಿ ನಗುತ್ತಿದ್ದೆ.

ಹೀಗೆ ನಾಲ್ಕೈದು ವರ್ಷ ಹೋದವು. ಮೇಜುಗಳಿಗೆ ಬೆಂಗಳೂರಿನ ಕಡೆಯ ಕಂಪ್ಯೂಟರ್ ಕೆಲಸದವರೂ ಬಂದು ಕೂತರು. ಒಂದು ಸೋಮವತಿ ಅಮಾವಾಸ್ಯೆಗೆ ನಾನು ಮತ್ತು ನಮ್ಮ ಮನೆಯವರು ಹರಕೆ ತೀರಿಸಲು ಖಂಡೋಬನ ಗುಡ್ಡದ ಗುಡಿಯಿರುವ ಜೇಜುರಿಗೆ ಹೊರಟೆವು. ಮೆಟ್ಟಿಲು ಹತ್ತಲಾಗದ ಅತ್ತೆ ಮನೆಯಲ್ಲೇ ಉಳಿದರು. ರೊಟ್ಟಿ ಬಡಿಯುವ ಹೆಂಗಸು ಇರುತ್ತಾಳೆ, ನೀವು ಹೋಗಿ ಬನ್ನಿ ಎಂದರು.

ಜೇಜುರಿಯ ಆ ದಿನ ನನಗೆ ಹಳದಿಯಾಗಿಯೇ ನೆನಪಿದೆ. ಮೆಟ್ಟಿಲು ಹಳದಿ, ಜನ ಹಳದಿ, ಗಾಳಿ ಹಳದಿ. ಎಲ್ಲರೂ ಅರಿಶಿನದ ಭಂಡಾರ ಹಾರಿಸುತ್ತ ಯೇಳಕೋಟ ಯೇಳಕೋಟ ಎಂದು ಕೂಗುತ್ತಿದ್ದರು. ನನ್ನ ಕಾಲು ಎಲ್ಲಿದೆ, ಕೈ ಎಲ್ಲಿದೆ ತಿಳಿಯದಂಥ ಸುಖ. ಆ ಸುಖದ ನಡುವೆ ಬೆರಳಿಗಂಟಿದ ಭಂಡಾರ ತುಟಿಗೆ ತಾಗಿತು, ನಾಲಿಗೆಗೆ ಕಹಿಯೆನ್ನಿಸಿತು. ಆಗ ನೆನಪಾಯಿತು. ಉಪ್ಪು!

ದಡದಡ ಮೆಟ್ಟಿಲಿಳಿದೆ. "ಏನಾತು?" ಎಂದು ನಮ್ಮ ಮನೆಯವರು ಹಿಂದೆಯೇ ಓಡಿ ಬಂದರು. ಕೆಳಗಿನ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನು ಹಚ್ಚಿದೆ. ಅತ್ತೆಯೇ ಎತ್ತಿದರು. ಏನೆಂದು ಹೇಳಲಿ? ನಿಮ್ಮ ಅಡುಗೆಗೆ ಉಪ್ಪಿಲ್ಲ ಎನ್ನಲೇ?

"ಮಂದಿ ಬಂದಾರೇನ್ರಿ ಅತ್ಯಾರ?" ಎಂದೆ.

"ಉಂಡು ಹೋಗಾಕತ್ತಾರ. ನೀ ದೇವರ ಕಡೆ ಲಕ್ಷ್ಯ ಕೊಡು" ಎಂದು ಇಟ್ಟುಬಿಟ್ಟರು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ಮುಂಗೋಣೆಯಲ್ಲಿ ಅತ್ತೆ ಒಬ್ಬರೇ ಕುಳಿತಿದ್ದರು. ಅವರ ಮುಂದಿನ ಮೇಜಿನ ಮೇಲೆ ಆರೂ ಉಪ್ಪಿನ ಬಟ್ಟಲು ಸಾಲಾಗಿ ಇದ್ದವು. ಆರೂ ಬರಿದು. ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು.

"ಯಾರೂ ಒಂದ ಮಾತ ಅನಲಿಲ್ಲ" ಎಂದರು. "ಸುಮ್ಮನ ಹಾಕೊಂಡು ಉಂಡು ಹೋದ್ರು. ಮೂರಕ್ಕ ನಾ ಉಣ್ಣಾಕ ಕೂತಾಗ ತಿಳೀತು. ನೀ ಇಲ್ಲ ಅನ್ನೂದ ಮರತು ದಿನದಂಗ ನಿನ್ನ ಪಾಲಿನ ಉಪ್ಪ ಬಿಟ್ಟ ಮಾಡಿದ್ದೆ."

"ನನ್ನ ಪಾಲಿಂದಾ?"

"ಮೂಗ ಹೋದಮ್ಯಾಲ ಬೇಕಂತ ಕಡಿಮಿ ಹಾಕ್ತಿದ್ದೆ. ಕಡಿಮಿ ಆದ್ರ ಹಾಕಬಹುದು, ಹೆಚ್ಚಾದ್ರ ತಗ್ಯಾಕ ಬರ್ತದೇನು? ನಾ ಉಣ್ಣೂ ಹೊತ್ತಿಗೆ ಅದು ಸರಿ ಆಗಿರ್ತಿತ್ತು. ನಿನ್ನ ಬಿಟ್ಟರ ಇನ್ಯಾರ ಕೈ ಅದು?" ಧ್ವನಿ ಇಳಿಸಿದರು. "ನೈವೇದ್ಯಕ್ಕ ಮೊದಲ ರುಚಿ ನೋಡ್ತಿದ್ದಿ. ಆ ಪಾಪ ನಿನಗ ಹತ್ತಬಾರದಂತ ದಿನಾ ದೇವರ ಮುಂದ ನಿನ್ನ ಸಲುವಾಗಿ ಗಲ್ಲ ಬಡಕೊಂಡೀನಿ."

ನಾನು ನಕ್ಕಿದ್ದು ಆ ಗಲ್ಲಕ್ಕೆ. ನಾಚಿಕೆಯಿಂದ ಮುಖ ಉರಿಯಿತು. "ಇಲ್ರಿ ಅತ್ಯಾರ" ಎಂದೆ, "ದೇವರಿಗಿಂತ ಮೊದಲ ನಾ ಹೆಂಗ ಮುಟ್ಲಿ? ನೀವು ಹಿತ್ತಲಕ್ಕ ಹೋದಮ್ಯಾಲ ಹಾಕ್ತಿದ್ದೆ."

ಅತ್ತೆ ನನ್ನನ್ನೇ ನೋಡಿದರು. ಆಮೇಲೆ ಗೂಡಿನ ಪಟದ ಕಡೆ ತಿರುಗಿದರು.

"ಅಂದ್ರ ಇಷ್ಟ ವರ್ಷ ದೇವರೊಬ್ಬನ ಸಪ್ಪಂದು ಉಂಡಾನ?"

ಮೊದಲು ನಗು ಬಂತು, ಇಬ್ಬರಿಗೂ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತ ಅವರು ಸೆರಗನ್ನು ಕಣ್ಣಿಗೆ ಒತ್ತಿಕೊಂಡರು, ಆಮೇಲೆ ಅದನ್ನು ತೆಗೆಯಲೇ ಇಲ್ಲ. ಬಾಗಿಲಲ್ಲಿ ನಮ್ಮ ಮನೆಯವರು ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನಾನು ಹೆದರಿದ್ದ ಮಾತೇ ಅವರ ಬಾಯಿಂದ ಬಂತು. "ಅವ್ವಾ, ಇನ್ನ ಸಾಕು. ನೀ ಆರಾಮ ಕೂಡು. ಅಡಗಿಗೆ ಯಾರನ್ನರ..."

"ಯಾರೂ ಬ್ಯಾಡ" ಎಂದು ನಾನು ಏರಿಹೋದೆ. "ಆ ಮಣಿ ಅತ್ಯಾರದು. ಮೂಗ ಹೋದ್ರ ಹೋಗಲಿ, ನನ್ನ ನಾಲಿಗಿ ಇಲ್ಲೇನು?"

"ನಿನ್ನ ನಾಲಿಗಿ ಓಣಿಗೆಲ್ಲಾ ಗೊತ್ತದ" ಎಂದು ನಮ್ಮ ಮನೆಯವರು ಒಳಗೆ ಹೋದರು. ಆದರೆ ಬರೀ ನನ್ನ ಮಾತಿನಿಂದ ಏನಾಗುತ್ತದೆ? ಇನ್ನು ಮೇಲೆ ದೇವರಿಗೆ ಸಪ್ಪೆ ಇಡುವಂತಿಲ್ಲ. ಉಪ್ಪು ಸರಿಮಾಡಬೇಕೆಂದರೆ ದೇವರಿಗಿಂತ ಮೊದಲು ರುಚಿ ನೋಡಬೇಕು. ಅದನ್ನು ಅತ್ತೆ ಒಪ್ಪದಿದ್ದರೆ ಮಣೆ ಬಿಡಬೇಕು. ಅಂದು ಅತ್ತೆ ಆರು ಬಟ್ಟಲಿಗೂ ಉಪ್ಪು ತುಂಬಿ ಮಲಗಿದರು.

ಮರುದಿನ ಹತ್ತೂವರೆ. ಬಾಳೆಲೆ ಒರೆಸಿ ತಂದುಕೊಟ್ಟೆ. ಅತ್ತೆ ಎಲೆ ಪಕ್ಕಕ್ಕಿಟ್ಟರು. ಎದ್ದು ಹೋಗಿ, ಆಗಲೇ ಸರಿಸಿದ್ದ ಪಟದ ಪರದೆಯನ್ನು ಮತ್ತೆ ಎಳೆದು ಮುಚ್ಚಿದರು.

"ಒಂದ ಚಣ ಆ ಕಡೆ ಮಾರಿ ಮಾಡಪಾ" ಎಂದರು ಪರದೆಗೆ.

ಬಂದು ಮಣೆಯ ಮೇಲೆ ಕುಳಿತು, ಬೇಳೆಯ ಸೌಟಿನಿಂದ ನನ್ನ ಅಂಗೈಗೆ ಒಂದು ಹನಿ ಬಿಟ್ಟರು. ಎಪ್ಪತ್ತರ ಹತ್ತಿರ ಬಂದ ಆ ಜೀವ ತನ್ನ ಒಲೆಯ ಮುಂದೆ ಹೀಗೆ ಮಾಡಿದ್ದು ಅದೇ ಮೊದಲು.

"ನೋಡು" ಎಂದರು.

ನಾಲಿಗೆಗೆ ಹಚ್ಚಿಕೊಂಡೆ. "ಇನ್ನ ಬೇಕ್ರಿ" ಎಂದೆ. ಅವರು ಉಪ್ಪಿನ ಗಡಿಗೆಗೆ ತಾವೇ ಕೈಹಾಕಿ, ಹರಳು ಹರಳಾಗಿ ಉದುರಿಸುತ್ತ ನನ್ನ ಮುಖ ನೋಡುತ್ತಿದ್ದರು. "ಸಾಕ್ರಿ" ಎಂದಾಗ ಕೈ ನಿಲ್ಲಿಸಿದರು. ಹೀಗೇ ಎಲ್ಲ ಪಾತ್ರೆಗಳೂ ಆದವು. ಆಮೇಲೆ ಎಲೆ ಬಡಿಸಿಕೊಂಡು, ಪರದೆ ಸರಿಸಿ, ಈ ಸಲ ಗಲ್ಲ ಬಡಿದುಕೊಳ್ಳದೆ ಕೈ ಮುಗಿದರು.

"ಏಳಪಾ, ಉಣಬಾ" ಎಂದರು. "ಇವತ್ತ ಉಪ್ಪ ಸರಿ ಅದ. ನನ್ನ ಸೊಸಿ ನೋಡ್ಯಾಳ."